ನೂರಾ ಅರವತ್ತು ಪದರು ಸುಣ್ಣ

೧

ಎಲ್ಲಿಂದ ಶುರು ಮಾಡುವುದು? ಕಲ್ಲಿನಿಂದ ಶುರು ಮಾಡಿದರೆ ಇತಿಹಾಸವಾಗುತ್ತದೆ. ಅಷ್ಟು ಧೈರ್ಯ ನನಗಿಲ್ಲ. ನೋಟೀಸಿನಿಂದ ಶುರು ಮಾಡಿದರೆ ನೀವು ಪುಟ ತಿರುವುತ್ತೀರಿ. ‘ಸದರಿ’, ‘ಮೇಲ್ಕಾಣಿಸಿದ’ ಎಂಬ ಶಬ್ದಗಳನ್ನು ಖುಷಿಗೆಂದು ಓದುವವರನ್ನು ನಾನಿನ್ನೂ ಕಂಡಿಲ್ಲ. ದೇವಕಮ್ಮನಿಂದ ಶುರು ಮಾಡೋಣವೆಂದರೆ ಆಕೆ ‘ನನ್ನ ಬಿಡ್ರಿ, ನನಗ ಕೆಲಸ ಐತಿ’ ಎನ್ನುತ್ತಾಳೆ.

ಹಾಗಾಗಿ ಮೆಕ್ಸಿಕೋದಿಂದ ಶುರು ಮಾಡಿದೆ.

ನಗಬೇಡಿ. ಮೊದಲ ಕರಡು ಹೀಗಿತ್ತು: ‘ಮೆಕ್ಸಿಕೋದ ಗುಡ್ಡದ ಇಳಿಜಾರಿನಲ್ಲಿ ಒಂದು ಸಣ್ಣ ಊರು. ಸ್ಪೇನಿನವರು ಕಟ್ಟಿಸಿದ ಗುಲಾಬಿ ಕಲ್ಲಿನ ಇಗರ್ಜಿ. ಇಗರ್ಜಿಯ ಹಿಂದೆ ಹನ್ನೊಂದು ಮನೆ. ಅದರಲ್ಲೊಂದರ ಹೊಸ್ತಿಲಲ್ಲಿ ಡೊನ್ಯಾ ರೆಫೂಹಿಯೋ ಎಂಬ ವಿಧವೆ ಗೋವಿನಜೋಳ ಹಸನು ಮಾಡುತ್ತ ಕೂತಿದ್ದಳು.’ ಇಷ್ಟು ಸರಾಗ ಬಂತು. ನಾನು ಮೆಕ್ಸಿಕೋ ನೋಡಿಲ್ಲ, ಫೋನಿನಲ್ಲಿ ನೋಡಿದ್ದೇನೆ. ಬೇರೆಯವರ ಪಾಳುಗೋಡೆ ಯಾವಾಗಲೂ ಚಂದ. ಯಾರೋ ಬಂದರು, ಆಳಿದರು, ಕಟ್ಟಿದರು, ಹೋದರು. ಉಳಿದವರು ಇನ್ನೂ ಅಲ್ಲಿ ಕಸ ಹೊಡೆಯುತ್ತಿದ್ದಾರೆ. ಇದಕ್ಕೆ ಕಲೋನಿಯಲ್ ಹೆರಿಟೇಜ್ ಎನ್ನುತ್ತಾರೆ.

ಆಗ ವಿಧವೆ ಬಾಯಿ ತೆರೆದಳು.

“ಮಾಸ್ತರ್ರ, ಏನು ಹೆಸರು ಇಟ್ಟೀರಿ ಇದು? ನನಗ ನಾಲಿಗಿ ಹೊಳ್ಳವಲ್ದು. ಮತ್ತ ಈ ಗೋಂಜಾಳ ಯಾರಿಗಂತ ಹಸನ ಮಾಡಾಕತ್ತೇನಿ? ನಮ್ಮ ಮನ್ಯಾಗ ಬಿಳಿಜ್ವಾಳ ತಿಂತಾರ.”

“ಇದು ಮೆಕ್ಸಿಕೋ, ಅಮ್ಮ,” ಎಂದೆ.

“ಇರಲಿ. ಅಲ್ಲಿ ಮನಿ ಕೆಡವಾಕ ಯಾರು ಬರ್ತಾರ?”

ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಇದ್ದದ್ದು ಇಗರ್ಜಿ ಮಾತ್ರ. ಹಿಂದಿನ ಹನ್ನೊಂದು ಮನೆ ನಾನೇ ಹಾಕಿದ್ದು.

“ಇಲ್ಲಿ ಯಾರು ಬರ್ತಾರ ನನಗ ಗೊತ್ತೈತಿ. ಇಲ್ಲಿಂದ ಬರೀರಿ,” ಎಂದು ಆಕೆ ಮೊರ ಕೆಳಗಿಟ್ಟಳು. ದನಿ ದೇವಕಮ್ಮನದು.

೨

ಸುರಪುರದಿಂದ ತಿಂಥಣಿ ಕಡೆಗೆ ಹೋಗುವ ಬಸ್ಸು ಒಂದು ಬೇವಿನ ಗಿಡದ ಹತ್ತಿರ ನಿಲ್ಲುತ್ತದೆ. ಅಲ್ಲಿಳಿದು ಎರಡು ಮೈಲು ನಡೆದರೆ ಬಂಗ್ಲೆಪೇಟ. (ನಕಾಶೆಯಲ್ಲಿ ಹುಡುಕಬೇಡಿ. ಹೆಸರು ನನ್ನದು, ಊರೂ ನನ್ನದು. ಇದರಿಂದ ಮುಂದೆ ತೊಂದರೆಯಾಗಲಿದೆ, ಈಗ ಗೊತ್ತಿಲ್ಲ.)

ಊರ ಹೊರಗೆ ಗೋರಾ ಸಾಹೇಬನೊಬ್ಬ ಕಟ್ಟಿಸಿದ ಬಂಗ್ಲೆ. ಐದು ಕಮಾನು, ಮೂರು ಕೋಣೆ, ಹಗ್ಗ ಎಳೆದು ಬೀಸುತ್ತಿದ್ದ ಪಂಖಾದ ಕೊಂಡಿಗಳು. ಬಂಗ್ಲೆಯ ಹಿಂದೆ ಒಂದು ಸಣ್ಣ ಗೋರಿ. ಗೋರಿಯ ಹಿಂದೆ ಹನ್ನೊಂದು ಮನೆ. ಸಾಹೇಬ ಯಾರು, ಯಾವ ಹುದ್ದೆಯವನು ಎಂದು ಕೇಳಬೇಡಿ. ಅವನ ಬಗ್ಗೆ ಎರಡು ಸಾಲು ಬರೆದರೆ ಕತೆಯನ್ನೆಲ್ಲ ಅವನೇ ಆಕ್ರಮಿಸುತ್ತಾನೆ, ಅಭ್ಯಾಸಬಲ.

ಗೋರಿ ಅವನ ಮೂರು ವರ್ಷದ ಮಗಳದು. ಎಲ್ಲರೂ ಆಕೆಯನ್ನು ಬೇಬಿ ಎಂದು ಕರೆಯುತ್ತಿದ್ದರಂತೆ. ಸತ್ತ ಮೇಲೆ ಊರವರು ಗೌರವದಿಂದ ಒಂದು ಅಮ್ಮ ಸೇರಿಸಿ ಬೇಬಮ್ಮ ಮಾಡಿದರು. ಈಗ ನಾಯಿಕೆಮ್ಮು ಹತ್ತಿದ ಮಕ್ಕಳನ್ನು ಬೇಬಮ್ಮನ ಹತ್ತಿರ ಕರೆತರುತ್ತಾರೆ. ತೆಂಗಿನಕಾಯಿ ನಡೆಯುವುದಿಲ್ಲ, ಗೋರಾ ಕೂಸು, ಬಿಸ್ಕೀಟು ಬೇಕು.

ದೇವಕಮ್ಮನ ಗಂಡ ಸಾಬಣ್ಣ, ಈಗಿಲ್ಲ. ಆತನ ಮುತ್ತಜ್ಜನ ಅವ್ವ ಆ ಕೂಸಿನ ಆಯಾ ಆಗಿದ್ದಳು. ಸಾಹೇಬ ಊರು ಬಿಟ್ಟು ಹೋಗುವಾಗ ಆಯಾಳಿಗೆ ಹೇಳಿದನಂತೆ: ನನ್ನ ಮಗಳನ್ನು ನೋಡಿಕೊಳ್ಳಿ, ನೋಡಿಕೊಳ್ಳುವವರೆಗೆ ಈ ಜಾಗ ನಿಮ್ಮದು. ಬರೀ ಹೇಳಲಿಲ್ಲ, ಗೋರಿಯ ಕಲ್ಲಿನ ಕೊನೆಗೆ ಇಂಗ್ಲಿಷಿನಲ್ಲಿ ಕೆತ್ತಿಸಿದನಂತೆ. ಹನ್ನೊಂದು ಮನೆಗೆ ಇರುವ ಹಕ್ಕುಪತ್ರ ಅದೊಂದೇ.

ಓದಿದವರು ಯಾರೂ ಇಲ್ಲ. ಯಾಕೆಂದರೆ ಆಯಾ ಮಾತು ಉಳಿಸಿಕೊಂಡಳು. ಪ್ರತಿ ಉಗಾದಿಗೆ ಮುಂಚೆ ಗೋರಿಗೆ ಸುಣ್ಣ ಬಳಿದಳು. ಆಕೆಯ ಸೊಸೆ ಬಳಿದಳು, ಸೊಸೆಯ ಸೊಸೆ ಬಳಿದಳು. ಬರಗಾಲದಲ್ಲಿ ಬಳಿದರು, ಪ್ಲೇಗಿನಲ್ಲಿ ಬಳಿದರು, ಹೈದರಾಬಾದಿನ ರಾಜ್ಯ ಹೋಗಿ ದಿಲ್ಲಿಯ ರಾಜ್ಯ ಬಂದ ವರ್ಷವೂ ಬಳಿದರು. ಸುಣ್ಣದ ಮೇಲೆ ಸುಣ್ಣ ಕೂತು ಅಕ್ಷರಗಳು ಮೊದಲು ತೆಳುವಾದವು, ಆಮೇಲೆ ತಗ್ಗಾದವು, ಆಮೇಲೆ ಬರೀ ಬಿಳಿ. ಒಪ್ಪಂದದ ಶರತ್ತನ್ನು ಪಾಲಿಸಿ ಪಾಲಿಸಿ ಒಪ್ಪಂದವನ್ನೇ ಮುಚ್ಚಿಬಿಟ್ಟರು.

(ಇದು ಬಹಳ ಜಾಣತನದ ವಾಕ್ಯವಾಯಿತು. ದೇವಕಮ್ಮ ಓದಿದ್ದರೆ ‘ಸುಣ್ಣ ಹಚ್ಚಬಾರದಿತ್ತೇನು? ಕೂಸು ಮಸಿ ಹಿಡಕೊಂಡು ಮಕ್ಕೋಬೇಕಿತ್ತೇನು?’ ಎನ್ನುತ್ತಿದ್ದಳು. ಹೊಡೆದು ಹಾಕಬೇಕೆಂದಿದ್ದೆ. ಮನಸ್ಸು ಬರಲಿಲ್ಲ. ಬರೆಯುವವರ ಜಾತಿಯೇ ಹಾಗೆ.)

೩

ನೋಟೀಸು ಬಂದದ್ದು ಸೋಮವಾರ. ಯಾವ ಕಚೇರಿಯದು ಎಂದು ಬರೆಯುವುದಿಲ್ಲ. ಬಂಗ್ಲೆಯ ಹಿಂದೆ ಹೊಸ ಆಫೀಸಿನ ಕಟ್ಟಡ, ಅದಕ್ಕೆ ಪಾರ್ಕಿಂಗು. ‘ಸದರಿ’ ಹನ್ನೊಂದು ಮನೆಗಳು ಅನಧಿಕೃತ. ಮುಂದಿನ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ತೆರವು. ದೇವಕಮ್ಮನ ಮಗಳು ಸಂಘಮಿತ್ರಾ ಶಹಾಪುರದ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಅತಿಥಿಯಾಗಿ ಏಳು ವರ್ಷವಾಯಿತು. ನೋಟೀಸು ಓದಿ ಹೇಳಿದವಳು ಆಕೆಯೇ.

“ಅನಧಿಕೃತ ಅಂದ್ರ?” ಎಂದು ದೇವಕಮ್ಮ ಕೇಳಿದಳು.

“ನಾವು ಇಲ್ಲಿ ಇಲ್ಲ ಅಂತ, ಯವ್ವಾ.”

“ಮತ್ತ ನೋಟೀಸ ಯಾರಿಗೆ ಕೊಟ್ಟ?”

ಮರುದಿನವೇ ಇನ್ನೊಬ್ಬರು ಬಂದರು: ವಿಶ್ವರಾಧ್ಯ, ಪಾರಂಪರಿಕ ಕಟ್ಟಡಗಳ ಸಮಿತಿಯವರು. (ಸಮಿತಿ ನನ್ನ ಸೃಷ್ಟಿ. ಕುರ್ಚಿಗಳನ್ನೂ ನಾನೇ ಕೊಟ್ಟಿದ್ದೇನೆ.) ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಟೇಪು, ಹಣೆಯ ಮೇಲೆ ಬೆಳಿಗ್ಗೆಯ ವಿಭೂತಿ. ಈ ಕತೆಗೆ ಒಬ್ಬ ಖಳನಾಯಕ ಬೇಕಿತ್ತು, ಅದಕ್ಕೇ ಇವರನ್ನು ಕರೆಸಿದೆ. ಬಂದವರು ಬೂಟು ಬಿಚ್ಚಿ ಗೋರಿಯ ಹತ್ತಿರ ಹೋದರು. ದೇವಕಮ್ಮ ಕೊಟ್ಟ ನೀರು ಕುಡಿದರು. ಅಲ್ಲಿಗೆ ನನ್ನ ಯೋಜನೆ ಕೆಟ್ಟಿತು.

“ಚಿಂತಿ ಮಾಡಬ್ಯಾಡ್ರಿ ಅಮ್ಮಾ. ಬಂಗ್ಲೆ ಉಳಸ್ತೀವಿ. ಗೋರಿನೂ ಉಳಸ್ತೀವಿ.”

“ಮತ್ತ ಮನಿ?”

“ಮನಿ ನಮಗ ಬರೂದಿಲ್ಲರಿ. ನೂರು ವರ್ಷದ ಮ್ಯಾಲಿನ ಕಟ್ಟಡ ಇದ್ರ ಅಷ್ಟ.”

“ನಾವೂ ನೂರು ವರ್ಷದ ಮ್ಯಾಲಿನವರ ಅದೀವ್ರಿ ಸಾಹೇಬ್ರ.”

“ಕಟ್ಟಡ, ಅಮ್ಮಾ. ಕಟ್ಟಡ.”

ಆಗ ದೇವಕಮ್ಮ ಕಲ್ಲಿನ ಮಾತು ಹೇಳಿದಳು. ವಿಶ್ವರಾಧ್ಯ ಸುಣ್ಣದ ಮೇಲೆ ಬೆರಳಾಡಿಸಿದರು. ಬಟ್ಟೆ ಹೊದ್ದು ಮಲಗಿದವರ ಮುಖದ ಹಾಗೆ, ಏನೂ ಗೊತ್ತಾಗಲಿಲ್ಲ.

“ಹಂಗ ಬರದಿದ್ದು ಖರೇ ಇದ್ರ ಅದು ದಾಖಲೆ ಆಗ್ತದರಿ. ಫೋಟೋ ತಗೊಂಡು ರಿಪೋರ್ಟಿನ್ಯಾಗ ಹಾಕ್ತೀನಿ; ಅದರ ಮ್ಯಾಲ ಮನಿಗೆ ಕೈ ಹಚ್ಚಾಕ ಬರೂದಿಲ್ಲ ಅವರಿಗೆ. ಶನಿವಾರ ಬರ್ತೀನಿ. ಆದ್ರ ಅಕ್ಷರ ಕಾಣಬೇಕು ನೋಡ್ರಿ. ಕಂಡ್ರ ಆತು.”

ಕಂಡರೆ ಆಯಿತು. ಓದುಗರೇ, ಈ ಮಾತನ್ನು ಬರೆಯುವಾಗ ನನಗೂ ಖುಷಿಯಾಗಿತ್ತು.

೪

(ನಾಲ್ಕನೆಯ ಭಾಗದಲ್ಲಿ ಸಂಘಮಿತ್ರಾಳಿಗೂ ಒಬ್ಬ ಯುವ ಇಂಜಿನಿಯರನಿಗೂ ಪ್ರೇಮ ಹುಟ್ಟಿಸಿದ್ದೆ. ಇಂಜಿನಿಯರ್ ಪ್ಲಾನನ್ನು ಹತ್ತು ಮೀಟರು ಪಕ್ಕಕ್ಕೆ ಸರಿಸುತ್ತಾನೆ. ಸಂಘಮಿತ್ರಾ ಓದಿ, ‘ಸರ್, ಹತ್ತು ಮೀಟರ್ ಸರಸಾಕ ನಾ ಲಗ್ನ ಆಗಬೇಕೇನ್ರಿ?’ ಎಂದಳು. ಹರಿದು ಹಾಕಿದೆ.)

೪, ಮತ್ತೆ

ಸುಣ್ಣದ ಭಟ್ಟಿಯ ಚಾಂದಪಾಶಾ ಬಂದ. ಬೇಬಮ್ಮನಿಗೆ ಸುಣ್ಣ ಕೊಡುವುದು ಅವನ ಮನೆತನ. ಅವನ ಅಬ್ಬಾ, ದಾದಾ ಎಲ್ಲರೂ ಕೊಟ್ಟವರೇ. ಹೆಗಲ ಮೇಲೆ ಉಳಿ, ಸುತ್ತಿಗೆ.

“ಅಕ್ಕಾ, ಸರಿ ಅತ್ತಾಗ. ಎರಡು ತಾಸಿನ ಕೆಲಸ.”

“ಕೂಸಿನ ಎದಿಮ್ಯಾಲ ಉಳಿ ಬಡಿತಿಯೇನೋ? ಕೈ ಹೆಂಗ ಏಳತಾವ ನಿನಗ?”

“ಹಂಗಾದ್ರ ಆಸಿಡ್ ತರ್ತೀನಿ. ಬುಸ್ ಅಂತದ, ಖಲಾಸ್.”

“ಸಂಡಾಸ ತೊಳಿಯೂದು ಅದು! ನಿನ್ನ ಬುದ್ಧಿಗೆ ಹಾಕ್ಕೋ ಹೋಗು ಅದನ್ನ.”

“ಅರೇ, ನನ್ನ ಮ್ಯಾಲ ಯಾಕ ಸಿಟ್ಟು? ಹಚ್ಚಿದವರು ನೀವು, ತೆಗಿಯವರು ನೀವು. ನನ್ನದೇನದ? ನಾ ಬರೀ ಮಾರಿದವ.”

ದೇವಕಮ್ಮ ಯೋಚಿಸಿದಳು. ಮನೆಯಲ್ಲಿ ಬೆಳಗುವ ಯಾವುದನ್ನು ಹೇಗೆ ಬೆಳಗುತ್ತಾರೆ? ಹಿತ್ತಾಳೆ ಕೊಡ, ತಾಮ್ರದ ತಂಬಿಗೆ, ಗೋಡೆಯ ಗೂಡಿನಲ್ಲಿರುವ ಸಣ್ಣ ಬುದ್ಧ, ಎಲ್ಲಕ್ಕೂ ಹುಣಸೆಹುಳಿ. ತಿನ್ನುವ ವಸ್ತು, ತಾಯಂದಿರ ಕೈಯ ವಸ್ತು. ಅದರಿಂದ ಯಾರಿಗೆ ನೋವಾದೀತು?

ಬುಧವಾರ ಹನ್ನೊಂದು ಮನೆಯಿಂದಲೂ ಹುಣಸೆಹಣ್ಣು ಬಂತು. ವರ್ಷದ ಸಾರಿಗೆಂದು ಬೀಜ ತೆಗೆದು, ಉಪ್ಪು ಹಾಕಿ, ಮಡಕೆಯಲ್ಲಿ ತುರುಕಿಟ್ಟಿದ್ದ ಹಣ್ಣು. (ಹುಣಸೆ ನಮ್ಮ ಕಡೆಯಿಂದ ಹಡಗು ಹತ್ತಿ ಮೆಕ್ಸಿಕೋಕ್ಕೂ ಹೋಯಿತಂತೆ, ಅಲ್ಲಿಯವರು ಅದರ ಮಿಠಾಯಿ ಮಾಡುತ್ತಾರಂತೆ. ಡೊನ್ಯಾ ರೆಫೂಹಿಯೋಳನ್ನು ಅಲ್ಲೇ ಬಿಟ್ಟಿದ್ದರೆ ಅವಳು ಮಿಠಾಯಿ ತಿನ್ನುತ್ತ ಕೂತಿರುತ್ತಿದ್ದಳು.) ಹೆಂಗಸರು ಹಣ್ಣು ನೆನೆಸಿ, ಕಿವುಚಿ, ಕಲ್ಲಿಗೆ ಗಟ್ಟಿಯಾಗಿ ಬಳಿದರು, ಮೇಲೆ ಹಸಿ ಗೋಣಿಚೀಲ ಹೊದಿಸಿದರು. ಮರುದಿನ ತೆಂಗಿನ ನಾರಿನಿಂದ ತಿಕ್ಕಿದರು. ಸುಣ್ಣ ಮೆತ್ತಗಾಗಿ, ನೊರೆಯೆದ್ದು, ಪದರು ಪದರಾಗಿ ಇಳಿಯಿತು.

“ನೋಡಽ ಸಂಘಾ, ಹೆಂಗ ಬಿಡಾಕತ್ತೈತಿ!” ಎಂದು ಗುರುವಾರ ಸಂಜೆ ದೇವಕಮ್ಮ ಮಗಳಿಗೆ ತೋರಿಸಿದಳು. ಇನ್ನೂ ಬಿಳಿಯೇ ಇತ್ತು.

“ಬುದ್ಧ ಗೋರಿಗೆ ಬಿಸ್ಕೀಟ ಇಡು ಅಂದಿದ್ನೇನು, ಯವ್ವಾ?” ಎಂದು ಸಂಘಮಿತ್ರಾ ಯಾವಾಗಲೂ ಛೇಡಿಸುವವಳು. ಅವತ್ತು ಬ್ಯಾಗು ಕೆಳಗಿಟ್ಟು ತಾನೂ ತಿಕ್ಕಿದಳು.

೫

ಶುಕ್ರವಾರ. ಇದನ್ನು ಬರೆಯದೆ ಇರಲು ನಾನು ಏನೇನು ಮಾಡಿದೆ ಎಂದರೆ, ಪೆನ್ನಿಗೆ ಇಂಕು ತುಂಬಿದೆ, ಮೂರನೆಯ ಭಾಗದ ಕಾಮಾಗಳನ್ನು ತಿದ್ದಿದೆ, ಸುರಪುರದ ಬಸ್ಸಿನ ವೇಳಾಪಟ್ಟಿ ಓದಿದೆ.

ಬೆಳಿಗ್ಗೆ ಸಂಘಮಿತ್ರಾ ಶಾಲೆಗೆ ಹೋದಳು. ಹನ್ನೊಂದು ಗಂಟೆಗೆ ಅಕ್ಷರ ಕಂಡವು.

ಮೇಲೆ ದೊಡ್ಡವು ನಾಲ್ಕು ಸಾಲು. ಕೆಳಗೆ, ಹೇಳಿದ ಜಾಗದಲ್ಲೇ, ಸಣ್ಣವು ಎರಡು ಸಾಲು. ಹೆಂಗಸರು ಕೈ ಬಿಟ್ಟು ಕೂತು ನೋಡಿದರು. ಒಬ್ಬಾಕೆ ಅತ್ತಳು. ದೇವಕಮ್ಮ ಸೆರಗಿನ ಚುಂಗಿನಿಂದ ಆ ಎರಡು ಸಾಲನ್ನು ಒರೆಸಿದಳು, ಕೂಸಿನ ಬಾಯಿ ಒರೆಸಿದಂತೆ.

“ಇರಿವಿ ಸಾಲು ಹೊಂಟಂಗ ಅದಾವ ನೋಡ್ರೇ.”

ಅಲ್ಲಿದ್ದವರಲ್ಲಿ ಇಂಗ್ಲಿಷು ಓದುವವರು ಯಾರೂ ಇರಲಿಲ್ಲ. ಅಕ್ಷರದ ಸಂದಿಗಳಲ್ಲಿ ಇನ್ನೂ ಸುಣ್ಣವಿತ್ತು, ಕಲ್ಲಿನ ಮೇಲೆ ಕಂದು ಕಲೆಯಿತ್ತು. ನಾಳೆ ದೊಡ್ಡ ಸಾಹೇಬರು ಫೋಟೋ ತೆಗೆಯುವವರು; ಸಂಜೆ ಐದಕ್ಕೆ ಓದಲು ಬಲ್ಲ ಮಗಳು ಬರುವವಳು. ಅರ್ಧ ತೊಳೆದ ಪಾತ್ರೆಯನ್ನು ಬಂದವರ ಮುಂದೆ ಇಡುವವರೇ ಅಲ್ಲ ಈ ಹೆಂಗಸರು.

(ನಾನು ಅಲ್ಲಿದ್ದೆ. ಬರೆಯುತ್ತಿದ್ದವನು ನಾನೇ ಅಲ್ಲವೇ? ನನಗೆ ಇಂಗ್ಲಿಷು ಬರುತ್ತದೆ. ಬಗ್ಗಿ ಓದಬಹುದಿತ್ತು. ‘ಸಾಕು, ನಿಲ್ಲಿಸಿ’ ಎನ್ನಬಹುದಿತ್ತು. ಆದರೆ ಕತೆಗಾರ ನಡುವೆ ಬಾಯಿ ಹಾಕಬಾರದು ಎಂಬ ನಿಯಮ ಅವತ್ತೇ ನೆನಪಾಯಿತು. ಒಂದನೆಯ ಭಾಗದಿಂದ ಬಾಯಿ ಮುಚ್ಚದವನಿಗೆ.)

ಇನ್ನೊಂದು ಸಲ ಹುಣಸೆ ಬಳಿದರು. ಮಧ್ಯಾಹ್ನ ಉಣ್ಣಲಿಲ್ಲ. ಸರದಿಯ ಮೇಲೆ ತಿಕ್ಕಿದರು. ಕೊಡಗಟ್ಟಲೆ ನೀರು ಸುರುವಿದರು. ನಾಲ್ಕೂವರೆಗೆ ಕಲ್ಲು ಉಂಡು ತೊಳೆದ ಗಂಗಾಳದ ಹಾಗೆ ಹೊಳೆಯುತ್ತಿತ್ತು.

ಐದಕ್ಕೆ ಸಂಘಮಿತ್ರಾ ಬಂದಳು. ಚಪ್ಪಲಿ ಬಿಟ್ಟು ಕಲ್ಲಿನ ಮುಂದೆ ಕೂತಳು. ಬೆರಳಿಟ್ಟಳು. ಮೊಬೈಲಿನ ಬೆಳಕು ಓರೆಯಾಗಿ ಹಿಡಿದಳು. ಮೇಲಿನ ಸಾಲಿನಲ್ಲಿ ಒಂದು ಎಂ, ಒಂದು ಎ. ಎಲ್ಲೋ ನಡುವೆ ಒಂದು ಮೂರು. ಕೆಳಗೆ ನುಣ್ಣಗೆ.

“ಓದವ್ವಾ,” ಎಂದಳು ದೇವಕಮ್ಮ.

“ಯವ್ವಾ…”

“ದೊಡ್ಡದಾಗಿ ಓದು. ಎಲ್ಲಾರೂ ಕೇಳಲಿ.”

ಸಂಘಮಿತ್ರಾ ಮೊಬೈಲಿನ ಬೆಳಕು ಆರಿಸಿದಳು. ಸುದ್ದಿ ಕೇಳಿ ಬಂದ ಚಾಂದಪಾಶಾ ಕಲ್ಲು ಮುಟ್ಟಿದ, ಬೆರಳು ಮೂಸಿದ. ಹುಳಿ ವಾಸನೆಗೆ ಅವನ ಮುಖ ಇಳಿಯಿತು.

“ಹುಣಸಿ ಹಚ್ಚೀರೇನು? ಮೂರು ದಿನ?” ಅವನು ಕುಕ್ಕರಗಾಲಲ್ಲಿ ಕೂತ. “ಅಕ್ಕಾ, ನನ್ನ ಭಟ್ಟಿನ್ಯಾಗ ಸುಣ್ಣ ಮಾಡಾಕ ಯಾವ ಕಲ್ಲು ಸುಡತೀನಿ? ಇದೇ ಕಲ್ಲು. ಇದೇ ಫರಸಿ. ಸುಣ್ಣಾನ ತಿನ್ನೂ ಹುಳಿ ಕಲ್ಲನ್ನೂ ತಿಂತದ. ನನಗ ಒಂದು ಮಾತು ಕೇಳಬಾರದೇನು?”

“ನೀನ ಆಸಿಡ್ ತರ್ತೀನಿ ಅಂದ್ಯಲ್ಲೋ.”

ಚಾಂದಪಾಶಾ ಬೆರಳನ್ನು ಲುಂಗಿಗೆ ಒರೆಸಿಕೊಂಡ. ಹೌದು, ಅಂದಿದ್ದ.

೬

“ಮಾಸ್ತರ್ರ.”

ಹೇಳಿ, ಅಮ್ಮ.

“ನೀವು ಬರಿಯವರು. ಆ ಎರಡು ಸಾಲಿನ್ಯಾಗ ಏನಿತ್ತು ಅನ್ನೂದು ನಿಮ್ಮ ಕೈಯಾಗ ಐತಿ. ಹೌದಲ್ರಿ?”

ಹೌದು, ಎಂದೆ. ಸಂಕೋಚದಿಂದ ಮೂರು ಬಗೆ ಮುಂದಿಟ್ಟೆ.

ಮೊದಲನೆಯದು: ಆ ಸಾಲುಗಳಲ್ಲಿ ಹೇಳಿದ ಹಾಗೆಯೇ ಇತ್ತು. ಜಾಗ ನಿಮ್ಮದು. ಈಗ ಅಳಿಸಿದೆ.

ಎರಡನೆಯದು: ಅಲ್ಲಿದ್ದದ್ದು ಕಲ್ಲು ಕೆತ್ತಿದವನ ಹೆಸರು, ವಿಳಾಸ. ಸಾಹೇಬ ಆಯಾಳಿಗೆ ಏನೂ ಕೊಟ್ಟಿರಲಿಲ್ಲ. ಅವಳನ್ನು ಸಮಾಧಾನಪಡಿಸಲು ಬಾಯಿಮಾತು ಹೇಳಿ ಕುದುರೆ ಹತ್ತಿದ. ನೂರಾ ಅರವತ್ತು ವರ್ಷ ಇವರು ಸುಣ್ಣ ಹಚ್ಚಿದ್ದು ಒಂದು ಜಾಹೀರಾತಿಗೆ.

ಮೂರನೆಯದು: ಚಾಂದಪಾಶಾ ಹೊಸ ಕಲ್ಲು ತರುತ್ತಾನೆ, ಸಂಘಮಿತ್ರಾ ಇಂಗ್ಲಿಷು ಬರೆದುಕೊಡುತ್ತಾಳೆ, ಸಾಹೇಬನ ಮಾತನ್ನು ಈಗ ನಾವೇ ಕೆತ್ತಿಸುತ್ತೇವೆ.

“ಎರಡನೇದು ಯಾಕ ಬರದ್ರಿ?”

ಆಧುನಿಕೋತ್ತರ ಕತೆಯಲ್ಲಿ ಅನುಮಾನ ಇರಬೇಕಾಗುತ್ತದೆ, ಎಂದೆ.

“ಅನುಮಾನ ನಮಗ ಬೇಕಾದಷ್ಟು ಐತಿ. ಅದನ್ನ ನೀವು ಬಂದು ಕೊಡಬೇಕಾಗಿಲ್ಲ. ಹೊಡದು ಹಾಕ್ರಿ.”

ಮೂರನೆಯದು?

“ಸುಳ್ಳು ಕಲ್ಲು ಬ್ಯಾಡ. ಕೂಸಿನ ಮ್ಯಾಲ ಸುಳ್ಳು ಹೊರಸಬಾರದು. ಒಂದನೇದು ಬರೀರಿ. ‘ಜಾಗ ಇವರದು’ ಅಂತ ಚೊಲೋ ಅಕ್ಷರದಾಗ ಬರೀರಿ. ಪುಸ್ತಕ ಅಚ್ಚಾಗ್ತದಲ್ರಿ? ಅಚ್ಚಾದ ಮ್ಯಾಲ ಅದ ದಾಖಲೆ.”

ಬರೆದೆ. ಜಾಗ ಇವರದು.

ಅಷ್ಟು ಹೊತ್ತಿಗೆ ಸಂಘಮಿತ್ರಾ ಬಂದು, ನನ್ನ ಹಿಂದಿನ ಪುಸ್ತಕವನ್ನು ತೆರೆದು, ಮೊದಲ ಪುಟದ ಕೆಳಗಿನ ಸಣ್ಣ ಅಕ್ಷರಗಳನ್ನು ತಾಯಿಗೆ ಓದಿ ಹೇಳಿದಳು: ಇಲ್ಲಿ ಬರುವ ಊರು, ವ್ಯಕ್ತಿಗಳು, ಘಟನೆಗಳು ಕೇವಲ ಕಾಲ್ಪನಿಕ, ನಿಜವಾದ ಯಾವುದಕ್ಕಾದರೂ ಹೋಲಿಕೆ ಕಂಡರೆ ಅದು ಆಕಸ್ಮಿಕ.

“ಅಂದ್ರ?” ಎಂದಳು ದೇವಕಮ್ಮ.

“ಅನಧಿಕೃತ ಅಂತ, ಯವ್ವಾ.”

ದೇವಕಮ್ಮ ನನ್ನನ್ನು ನೋಡಿದಳು. (ಇಲ್ಲಿಂದ ಮುಂದೆ ಆಕೆ ನನಗೆ ‘ರಿ’ ಹಚ್ಚುವುದಿಲ್ಲ.)

“ಆ ಸಾಲು ತಗಿ.”

ಅದು ಪ್ರಕಾಶಕರ ಪದ್ಧತಿ, ಅಮ್ಮ. ತೆಗೆದರೆ ಯಾರಾದರೂ ಕೋರ್ಟಿಗೆ ಹೋಗಬಹುದು.

“ಹೋಗಲಿ. ನಾವ ಹೋಗ್ತೀವಿ. ಆ ಸಾಲು ಇಲ್ಲಂದ್ರ ನಾವು ಇದ್ದಂಗ ಆಗ್ತದಲ್ಲ?”

ನಾನು ಹಿಂದಿನ ಹಾಳೆಗಳನ್ನು ತಿರುವಿದೆ. ಊರಿನ ಹೆಸರನ್ನು ನಾನೇ ಇಟ್ಟಿದ್ದು ಎಂದು ಎರಡನೆಯ ಭಾಗದಲ್ಲಿ ಜಂಬದಿಂದ ಹೇಳಿದ್ದೆ.

೭

ಶನಿವಾರ ವಿಶ್ವರಾಧ್ಯ ಬಂದರು. ಕಲ್ಲು ನೋಡಿದರು. ಕ್ಯಾಮೆರಾದ ಮುಚ್ಚಳ ಮತ್ತೆ ಹಾಕಿದರು.

ಸಂಘಮಿತ್ರಾ ಒಂದು ತಟ್ಟೆಯನ್ನು ಅವರ ಮುಂದೆ ಹಿಡಿದಳು. ಗೋರಿಯ ಪಕ್ಕದಿಂದ, ಹುಣಸೆ ತಾಕದ ಕಡೆಯಿಂದ ಉದುರಿದ ಸುಣ್ಣದ ಒಂದು ಚಕ್ಕೆ. ರೊಟ್ಟಿಯಷ್ಟು ಅಗಲ, ನಾಲ್ಕು ಬೆರಳು ದಪ್ಪ. ಮುರಿದ ಅಂಚಿನಲ್ಲಿ ಗೆರೆಯ ಮೇಲೆ ಗೆರೆ.

“ಸರ್, ಗಿಡದ ಬೊಡ್ಡಿ ಕೊಯ್ದು ವರ್ಷ ಎಣಸ್ತಾರಲ್ರಿ? ಇದನ್ನ ನಾ ರಾತ್ರಿ ಸೂಜಿ ಹಿಡದು ಎಣಿಸೀನಿ. ನೂರಾ ಅರವತ್ತು. ವರ್ಷಕ್ಕೊಂದು. ಒಂದು ವರ್ಷನೂ ತಪ್ಪಿಲ್ಲ. ನಾವು ಇಲ್ಲೇ ಇದ್ದೀವಿ ಅನ್ನಾಕ ಇದಕ್ಕಿಂತ ಏನು ಬೇಕ್ರಿ?”

ಇದನ್ನು ನಾನು ಬರೆದಿರಲಿಲ್ಲ. ಅವಳೇ ತಂದಿದ್ದಳು.

ವಿಶ್ವರಾಧ್ಯ ಕನ್ನಡಕ ಹಣೆಗೇರಿಸಿ ಎಣಿಸಲು ಕೂತರು. ನಲವತ್ತರವರೆಗೆ ಎಣಿಸಿದರು, ತುಟಿ ಅಲ್ಲಾಡಿಸುತ್ತ. ಆಮೇಲೆ ತಟ್ಟೆಯನ್ನು ಬಹಳ ಜೋಪಾನವಾಗಿ ಕೆಳಗಿಟ್ಟರು.

“ಖರೇ ಅದವ್ವಾ ತಂಗೀ. ನಾ ಒಪ್ಪತೀನಿ. ಆದ್ರ ಇದರಾಗ ಸಹಿ ಎಲ್ಲದ?”

“ಸುಣ್ಣ ಹಚ್ಚವರು ಸಹಿ ಮಾಡ್ತಾರೇನ್ರಿ?”

“ಅದ ತ್ರಾಸು ನೋಡು.”

ಅವರು ಫಾರ್ಮು ತೆರೆದರು. ಹದಿನಾಲ್ಕು ಕಾಲಂ. ಒಂಬತ್ತನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಪೆನ್ನು ನಿಲ್ಲುವುದನ್ನು ನಾನು ಬಲ್ಲೆ, ಅದು ನಾಚಿಕೆ.

“ಏನ್ರಿ ಅದು?” ಎಂದು ದೇವಕಮ್ಮ ಕೇಳಿದಳು.

“ಸ್ಮಾರಕದ ಸದ್ಯದ ಸ್ಥಿತಿ ಬರೀಬೇಕರಿ ಅಮ್ಮಾ.”

“ಬರೀರಿ ಮತ್ತ.”

ಅವರು ಬರೆದರು. ಬರೆಯುತ್ತಿದ್ದುದನ್ನು ಸಂಘಮಿತ್ರಾ ತಲೆಕೆಳಗಾಗಿ ಓದಿದಳು. ಟೀಚರಿಕೆಯಲ್ಲಿ ಅದು ರೂಢಿಯಾಗುತ್ತದೆ. ‘ಶಾಸನವು ಸ್ಥಳೀಯ ಒತ್ತುವರಿದಾರರಿಂದ ಹಾನಿಗೊಳಗಾಗಿದೆ. ರಕ್ಷಣೆಯ ದೃಷ್ಟಿಯಿಂದ ಸುತ್ತಲಿನ ವಸತಿ ತೆರವು ಅವಶ್ಯ.’

ಅವಳು ತಾಯಿಗೆ ಹೇಳಲಿಲ್ಲ. ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು: ನೀವೂ ಹೇಳಬೇಡಿ.

ವಿಶ್ವರಾಧ್ಯ ಹೋಗುವಾಗ ಗೋರಿಯ ಮುಂದೆ ಕೈ ಮುಗಿದರು. ಆಮೇಲೆ ದೇವಕಮ್ಮನ ಕಡೆ ತಿರುಗಿ, “ನಾ ಏನು ಮಾಡ್ಲಿ ಹೇಳ್ರಿ. ಕಾಲಂ ಅದಾವ, ತುಂಬಬೇಕು,” ಎಂದರು. ಖಳನಾಯಕನೊಬ್ಬ ಸಿಕ್ಕಿದ್ದರೆ ಈ ಕತೆಯಲ್ಲಿ ಕಲ್ಲು ಎಸೆಯಲಿಕ್ಕಾದರೂ ಒಂದು ಜಾಗವಿರುತ್ತಿತ್ತು.

೮

ಮುಕ್ತಾಯ, ಕ್ರಮಸಂಖ್ಯೆ ಒಂದು: ಸೋಮವಾರ ಸ್ಟೇ ಆರ್ಡರ್ ಬರುತ್ತದೆ. (ಯಾರು ತಂದರು? ಯಾವಾಗ ಅರ್ಜಿ ಹಾಕಿದರು? ಓದುಗರು ಅಷ್ಟು ದಡ್ಡರಲ್ಲ.)

ಮುಕ್ತಾಯ, ಎರಡು: ಹನ್ನೊಂದು ಮನೆಯವರು ಜೆಸಿಬಿಯ ಮುಂದೆ ಮಲಗುತ್ತಾರೆ. ಟಿವಿಯವರು ಬರುತ್ತಾರೆ. (ಚಾಂದಪಾಶಾ: “ಟಿವಿಯವರು ಯಾದಗಿರಿಯಿಂದಾನೂ ಬರಂಗಿಲ್ಲ, ಬಿಡ್ರಿ.”)

ಮುಕ್ತಾಯ, ಮೂರು: ಎರಡು ವರ್ಷದ ನಂತರ. ಕಬ್ಬಿಣದ ಬೇಲಿಯೊಳಗೆ ಬೇಬಮ್ಮನ ಗೋರಿ. ನೀಲಿ ಬೋರ್ಡು: ಸಂರಕ್ಷಿತ ಸ್ಮಾರಕ, ಒಳಗೆ ಪ್ರವೇಶವಿಲ್ಲ. ಉಗಾದಿ ಬಂದು ಹೋಗುತ್ತದೆ. ಕಲ್ಲು ಕಪ್ಪಾಗುತ್ತಿದೆ.

ಮೂರನೆಯದನ್ನು ದೇವಕಮ್ಮನಿಗೆ ಓದಿ ಹೇಳಲಿಲ್ಲ. ಹೇಳದಿದ್ದರೂ ಆಕೆ ಕೇಳಿದಳು: “ನಾವು ಹೋದ ಮ್ಯಾಲ ಆಕಿನ್ನ ಯಾರು ನೋಡ್ತಾರ?”

ಹನ್ನೊಂದು ಸಂಸಾರ ಬೀದಿಗೆ ಬೀಳುವ ಹೊತ್ತಿನಲ್ಲಿ ಆಕೆಗೆ ಸಾಹೇಬನ ಮಗಳ ಚಿಂತೆ. ಇದರ ಬಗ್ಗೆ ಒಂದು ವ್ಯಂಗ್ಯದ ಸಾಲು ಬರೆಯಬೇಕೆಂದು ಪೆನ್ನೆತ್ತಿದೆ. ಬರಲಿಲ್ಲ.

.

ಸೋಮವಾರ. ನಂಬರು ಹಾಕುವುದಿಲ್ಲ, ನಂಬರು ಹಾಕಿದರೆ ಮುಂದಿನದು ಬರಬೇಕಾಗುತ್ತದೆ.

ಪಕ್ಕದ ಮನೆಯವರು ಪಾತ್ರೆ ಹೊರಗಿಟ್ಟಿದ್ದಾರೆ. ಅದರಾಚೆ ಮನೆಯವರು ಹೊರಗಿಟ್ಟು ಮತ್ತೆ ಒಳಗೊಯ್ದಿದ್ದಾರೆ. ಸಂಘಮಿತ್ರಾ ರಜೆ ಹಾಕಿ ಬಂಗ್ಲೆಯ ಗೇಟಿನ ಕಡೆ ಹೋಗಿ ಬರುತ್ತಿದ್ದಾಳೆ. ದೇವಕಮ್ಮ ಒಲೆಯ ಮೇಲೆ ಬೇಳೆ ಇಟ್ಟಿದ್ದಾಳೆ.

“ಎಷ್ಟಾತು?”

ಒಂಬತ್ತೂವರೆ, ಎಂದೆ.

“ಬ್ಯಾಳಿ ಬೇಯಾಕ ಇನ್ನಾ ಅರ್ಧ ತಾಸು ಬೇಕು.” ಆಕೆ ಕಟ್ಟಿಗೆ ಮುಂದೆ ಸರಿಸಿದಳು. “ನಿಂದು ಕತಿ ಎಲ್ಲಿಗೆ ಬಂತು?”

ಇಲ್ಲಿಗೆ ಬಂತು.

“ಮುಗಸಬ್ಯಾಡ.”

ಮುಗಿಸುವುದಿಲ್ಲ, ಎಂದೆ. ಇಂಥ ಕತೆಗಳನ್ನು ಮುಗಿಸದೆ ಬಿಡುವುದೇ ಪದ್ಧತಿ. ಅದಕ್ಕೊಂದು ಸಿದ್ಧಾಂತವೂ ಇದೆ. ಓದುಗರಿಗೇ ಬಿಟ್ಟುಬಿಡುವುದು.

“ಓದವರು ಬರ್ತಾರೇನು ಇಲ್ಲಿಗೆ?”

ಇಲ್ಲ.

“ಹಂಗಾದ್ರ ಅವರಿಗೆ ಯಾಕ ಬಿಡ್ತಿ? ನೀ ಹೋಗು. ಗೇಟಿನ ಮುಂದ ನಿಂದ್ರು. ನೀ ಬರಿಯಾಂವ ಅದಿ, ಪ್ಯಾಂಟು ಹಾಕ್ಕೊಂಡಾಂವ ಅದಿ. ನಮ್ಮನ್ನ ‘ಸರಿ’ ಅಂದು ನೂಕಿ ಸರಸ್ತಾರ. ನಿನಗ ‘ಸರೀರಿ ಸರ್’ ಅಂತಾರ. ಅಷ್ಟ ಹೊತ್ತು ಸಿಕ್ರೂ ಸಿಕ್ತು. ನಿಂದರ್ತಿ ಹೌದಲ್ಲ?”

ಮುಖ್ಯರಸ್ತೆಯ ಕಡೆಯಿಂದ ದೊಡ್ಡ ಇಂಜಿನಿನ ಸದ್ದು ಬಂತು. ಹತ್ತಿಯ ಲಾರಿ ಇರಬಹುದು. ಈ ರಸ್ತೆಯಲ್ಲಿ ಓಡಾಡುತ್ತವೆ. ಏನು ಎಂದು ನಾನು ಬರೆಯುವುದಿಲ್ಲ.

ನಾನು ಕೂತಿರುವ ಕೋಣೆಗೆ ಒಂದು ಕಿಟಕಿ. ಹೊರಗೆ ಬಂಗ್ಲೆಪೇಟ ಇಲ್ಲ. ಟೇಬಲ್ಲು, ಕಾಗದ, ಆರಿದ ಚಹಾ. ಎದ್ದರೆ ನಾಲ್ಕು ಹೆಜ್ಜೆಗೆ ಗೋಡೆ ಸಿಗುತ್ತದೆ.

ಬರೆದೆ: ಅವನು ಎದ್ದು ಹೋಗಿ ಗೇಟಿನ ಮುಂದೆ ನಿಂತ.

“ನಿಂತಿಯೇನು?” ಎಂದು ಒಳಗಿನಿಂದ ದೇವಕಮ್ಮ ಕೂಗಿದಳು.

“ನಿಂತೀನಿ,” ಎಂದೆ.

“ಹಂಗಾದ್ರ ಆತು,” ಎಂದು ಆಕೆ ಗೇಟಿಗೆ ಬೆನ್ನು ಮಾಡಿ ಒಲೆಯ ಮುಂದೆ ಕೂತು, ಬೇಳೆಗೆ ಇನ್ನೊಂದು ತಂಬಿಗೆ ನೀರು ಹಾಕಿ